ಸೊಸೆಗೆ ಬಂದ ಸವತಿ

ನನ್ನ ಸೊಸೆಯ ಕೆಲಸ ಏನೆಂದು ಯಾರಾದರೂ ಕೇಳಿದರೆ “ಹೊಟ್ಟೆಯೊಳಗೆ ಟಾರ್ಚು ಹಿಡೀತಾಳೆ” ಎನ್ನುತ್ತೇನೆ. ಅವಳಿಗೆ ಸಿಟ್ಟು ಬರುತ್ತದೆ. “ಟಾರ್ಚಲ್ಲ ಅತ್ತೆ, ಕ್ಯಾಮೆರಾ.”

ಈಗಿನ ಆಪರೇಷನ್ನಿನಲ್ಲಿ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯುವುದಿಲ್ಲ. ಗುಂಡಿಯ ಕಾಜಿನಷ್ಟು ಮೂರು ತೂತು. ಎರಡರಲ್ಲಿ ಡಾಕ್ಟರ ಕತ್ತರಿ, ಇಕ್ಕಳ. ಇನ್ನೊಂದರಲ್ಲಿ ತೆಳ್ಳನೆಯ ಕೋಲು, ಅದರ ತುದಿಗೆ ದೀಪ ಮತ್ತು ಕ್ಯಾಮೆರಾ. ಒಳಗಿನದೆಲ್ಲ ಟಿ.ವಿ.ಯಲ್ಲಿ ಕಾಣುತ್ತದೆ. ಡಾಕ್ಟರ ಎರಡು ಕೈಗೂ ಕೆಲಸವಿರುವುದರಿಂದ ಆ ಕೋಲನ್ನು ನನ್ನ ಸೊಸೆ ಹಿಡಿಯಬೇಕು. ಅವಳು ಸೀನಿದರೆ ಟಿ.ವಿ.ಯಲ್ಲಿ ಭೂಕಂಪ.

ಹಿಡಿದು ಹಿಡಿದು ಅವಳ ಬಲಭುಜವೇ ಹಿಡಿದುಕೊಂಡಿತು. ತಲೆ ಬಾಚಲೂ ಕೈ ಏಳದು. ಜಡೆ ನಾನು ಹಾಕುತ್ತಿದ್ದೆ. ಥಿಯೇಟರು ಬಿಟ್ಟು ಚೀಟಿ ಕೊಡುವ ಕೌಂಟರಿಗೆ ಹೋಗು ಎಂದರು ಮೇಲಿನವರು. ಅವಳಿಗೆ ಅದು ಪ್ರಾಣಸಂಕಟ. ಮನುಷ್ಯರ ಒಳಗನ್ನು ಕಂಡವಳು ಕಿಟಕಿಯಲ್ಲಿ ಅವರ ಮೂಗು ನೋಡುತ್ತ ಕೂರುವುದು ಹೇಗೆ?

ಅಷ್ಟರಲ್ಲಿ ಆಸ್ಪತ್ರೆಗೆ ಯಂತ್ರದ ತೋಳೊಂದು ಬಂತು. ಬಳಸಿ ನೋಡಿ, ಹಿಡಿಸದಿದ್ದರೆ ವಾಪಸು ಕೊಡಬಹುದಂತೆ. ಕ್ಯಾಮೆರಾ ಹಿಡಿದು, ಬಾಯಲ್ಲಿ ಹೇಳಿದಂತೆ ಮೇಲೆ ಕೆಳಗೆ ತಿರುಗುತ್ತದೆ.

“ನಿಂಗೆ ಸವತಿ ಬಂದ್ಲು ಕಣೇ” ಎಂದು ಜೊತೆಯ ನರ್ಸು ಛೇಡಿಸಿದಳು.

“ಬರ್ಲಿ ಬಿಡು. ಭಾರ ಅವಳು ಹೊರ್ಲಿ, ಅವಳನ್ನ ನಾನು ನೋಡ್ಕೋತೀನಿ” ಎಂದಳು ಇವಳು. ತೋಳನ್ನು ಜೋಡಿಸಲು, ಕ್ಯಾಮೆರಾದ ಮೂತಿಗೆ ಹಬೆ ಕಟ್ಟಿದರೆ ಒರೆಸಲು ಒಬ್ಬರು ಬೇಕಲ್ಲ. ಅದಕ್ಕೆ ಭುಜದ ಬಲ ಬೇಡ. ತೋಳು ವಾಪಸು ಹೋದರೆ ಇವಳು ಕೌಂಟರಿಗೆ.

ಆದರೆ ಡಾಕ್ಟರಿಗೂ ತೋಳಿಗೂ ಎಣ್ಣೆ ಸೀಗೆಕಾಯಿ. “ನೋಡು” ಎಂದರೆ ಅದು ಎಚ್ಚರಗೊಳ್ಳುವಂತೆ, ಆಮೇಲಿನ ಮಾತಿನಂತೆ ತಿರುಗುವಂತೆ ಕಂಪನಿಯವನು ಹೊಂದಿಸಿದ್ದ. ಈ ಡಾಕ್ಟರೋ “ನೋಡು” ಇಲ್ಲದೆ ಉಸಿರೂ ಬಿಡುವವರಲ್ಲ.

“ನೋಡು, ನಮ್ಮ ಮಾವ ಬಂದು ತಲೆ ಮೇಲೆ ಕೂತಿದಾರೆ” ಎಂದರು ಒಂದು ದಿನ, ಪಿತ್ತಕೋಶ ಬಿಡಿಸುತ್ತ. ‘ಮೇಲೆ’ ಕೇಳಿದ್ದೇ ತಡ, ಕ್ಯಾಮೆರಾ ಮೇಲೆದ್ದಿತು. ಟಿ.ವಿ.ಯಲ್ಲಿ ಪಿತ್ತಕೋಶವೂ ಇಲ್ಲ, ಕತ್ತರಿಯೂ ಇಲ್ಲ. ಡಾಕ್ಟರು ಕೈ ಅಲ್ಲಾಡಿಸದೆ ನಿಂತರು. ಇವಳು ತೋಳನ್ನು ತಡೆದು ಸರಿಮಾಡಿದಳು. ರೋಗಿಗೆ ಏನೂ ಆಗಲಿಲ್ಲ. “ಈ ಪೀಡೆನ ಗಂಟುಮೂಟೆ ಕಟ್ಟಿ ಕಳಿಸಿ” ಎಂದರು ಡಾಕ್ಟರು.

ಸಂಜೆ ಅವಳ ಭುಜಕ್ಕೆ ಎಣ್ಣೆ ತಿಕ್ಕುತ್ತ ಕೇಳಿದೆ, “‘ನೋಡು’ ಬದಲು ಬೇರೆ ಮಾತು ಇಡಿಸೋಕಾಗಲ್ವಾ? ಆ ಮನುಷ್ಯ ಆಡದೇ ಇರೋ ಮಾತು?”

“ಆಡದೇ ಇರೋ ಮಾತಾ? ಅವರಿಗೆ ಸುಮ್ನಿರೋದೊಂದು ಬಿಟ್ಟು ಎಲ್ಲಾ ಬರುತ್ತೆ ಅತ್ತೆ.” ಆಮೇಲೆ ತಟ್ಟನೆ ಕತ್ತು ತಿರುಗಿಸಿದಳು. “ಒಂದಿದೆ. ದಯವಿಟ್ಟು.”

“ಅದನ್ನ ಬೋರ್ಡಲ್ಲಿ ಬರೀತಾರೆ ಅಷ್ಟೆ. ಬಾಯಲ್ಲಿ ಯಾರಂತಾರೆ?”

“ಅದಕ್ಕೇ.”

ಕಂಪನಿಯವನು ಮಾತು ಬದಲಿಸಿಕೊಟ್ಟ. ಡಾಕ್ಟರು ಹುಬ್ಬು ಗಂಟಿಕ್ಕಿದರು. “ಒಂದು ಕಬ್ಬಿಣಕ್ಕೆ ನಾನು ದಯವಿಟ್ಟು ಅನ್ಬೇಕಾ?”

“ನಮಗಂತೂ ಅಂದಿಲ್ಲ ಸರ್, ಅದಕ್ಕಾದ್ರೂ ಅನ್ನಿ. ಇದೊಂದ್ಸಲ ನೋಡೋಣ” ಎಂದಳು ಇವಳು.

ಎಲ್ಲರ ಮುಖಗವಸುಗಳೂ ಕುಲುಕಿದವು. ಆ ದಿನ ಡಾಕ್ಟರು ಮಾವನ ಗೊರಕೆಯಿಂದ ಹಿಡಿದು ಸೋರುವ ನಲ್ಲಿಯವರೆಗೆ ಊರ ಉಸಾಬರಿಯನ್ನೆಲ್ಲ ಆಡಿದರು. ತೋಳು ಮಿಸುಕಲಿಲ್ಲ. ಹಲ್ಲು ಕಚ್ಚಿ “ದಯವಿಟ್ಟು, ಕೆಳಗೆ” ಎಂದಾಗ ಮಾತ್ರ ಮೆಲ್ಲನೆ ಇಳಿಯಿತು.

ಕೈಗವಸು ಕಳಚುತ್ತ ಅವರು ಸೊಸೆಗೆ ಹೇಳಿದರಂತೆ, “ಇದು ಇರ್ಲಿ. ಇದನ್ನ ಮೇಯಿಸೋಕೆ ನೀನೂ ಇಲ್ಲೇ ಇರು.”

ಕೌಂಟರಿಗೆ ಈಗ ಬೇರೆ ಯಾರನ್ನೋ ಹುಡುಕುತ್ತಿದ್ದಾರೆ.