ಎರಡು ಗಂಟಿನ ಸುತಳಿ

ನಮ್ಮ ಅತ್ತೆ ಮುಂಬೈಯನ್ನು ಕಂಡವರಲ್ಲ, ಆದರೂ ಅದರ ಮೇಲೆ ಅವರಿಗೆ ವೈಯಕ್ತಿಕವಾದ ಒಂದು ಸಿಟ್ಟಿತ್ತು. "ಹಲ್ಲ ತಿಕ್ಕೂ ಬೇವಿನ ಕಡ್ಡಿನೂ ಅಲ್ಲಿ ರೊಕ್ಕಾ ಕೊಟ್ಟ ತಗೋಬೇಕಂತ. ಅದೆಂಥಾ ಊರವಾ!" ಎಂದು ಅಂಗಳದ ಬೇವಿನ ಮರದ ಕೆಳಗೆ ಕೂತು ಹೇಳುತ್ತಿದ್ದರು. ಆ ಮರ ನಮ್ಮದೇನಲ್ಲ. ಸೊಲ್ಲಾಪುರದ ಆ ವಾಡೆಯಲ್ಲಿ ನಾವು ಬಾಡಿಗೆಯವರು. ಎರಡು ಖೋಲಿ ನಮ್ಮವು, ಅಂಗಳ ಎಲ್ಲರದು.

ಮೂವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಗಂಡ ಹತ್ತಿ ವ್ಯಾಪಾರಿಯೊಬ್ಬರ ಪೇಢಿಯಲ್ಲಿ ಗುಮಾಸ್ತರು. ಮಾಲಕರು ಮುಂಬೈಯಲ್ಲಿ ಇನ್ನೊಂದು ಪೇಢಿ ತೆರೆಯುವವರಿದ್ದರು, ನಂಬಿಕೆಯ ಮನುಷ್ಯ ಬೇಕಾಗಿತ್ತು. ಪಗಾರ ಹೆಚ್ಚು, ಆದರೆ ಹೆಚ್ಚಾದದ್ದನ್ನೆಲ್ಲ ಅಲ್ಲಿಯ ಬಾಡಿಗೆಯೇ ನುಂಗುತ್ತದೆ ಎಂದು ಎಲ್ಲರೂ ಹೇಳಿದರು. ಇವರು ಹೋಗಿ ಖೋಲಿಯೊಂದನ್ನು ನೋಡಿಕೊಂಡು ನಾಲ್ಕು ದಿನಕ್ಕೆ ತಿರುಗಿ ಬಂದರು. ನಾನು ಸೀರೆ ತಂದಿದ್ದಾರೇನೋ ಎಂದು ಚೀಲ ನೋಡಿದೆ. ಒಳಗೆ ಒಂದು ಸುತಳಿಯ ಉಂಡೆ ಇತ್ತು.

"ಇದೇನ್ರೀ?"

"ನಮ್ಮ ಮನಿ," ಎಂದರು.

ಖೋಲಿಯ ಅಗಲಕ್ಕೆ ಒಂದು ಗಂಟು, ಉದ್ದಕ್ಕೆ ಇನ್ನೊಂದು ಗಂಟು. ಅಳತೆಪಟ್ಟಿ ಸಿಗದೆ ಸುತಳಿಯಲ್ಲೇ ಮನೆಯನ್ನು ಕಟ್ಟಿ ತಂದಿದ್ದರು. ಮರುದಿನ ಅಂಗಳದಲ್ಲಿ ಅದನ್ನು ಹಿಡಿದು ಸುಣ್ಣದಿಂದ ನಾಲ್ಕು ಗೆರೆ ಎಳೆದರು. ವಾಡೆಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು, ಕುಂಟಾಟಕ್ಕೆ ಮನೆ ಬರೆದಿದ್ದಾರೆ ಎಂದು ತಿಳಿದವರೂ ಇದ್ದರು. ಒಲೆ ಇಲ್ಲಿ, ಕೊಡ ಇಲ್ಲಿ, ಟ್ರಂಕು ಇಲ್ಲಿ ಎಂದು ಇವರು ಹೇಳುತ್ತ ಹೋದರು, ನಾನು ಇಡುತ್ತ ಹೋದೆ. ಚಾಳಿನ ಮೂರನೆಯ ಅಂತಸ್ತು, ನೀರು ಕೆಳಗಿನ ನಳದಲ್ಲಿ, ಅದೂ ಬೆಳಗ್ಗೆ ಎರಡು ತಾಸು. ರೊಟ್ಟಿಯನ್ನು ಮೆಲ್ಲಗೆ ಬಡಿಯಬೇಕಂತೆ, ಕೆಳಗಿನ ಮನೆಯವರು ತಕರಾರು ಮಾಡುತ್ತಾರಂತೆ. ಮೆಲ್ಲಗೆ ಬಡಿದ ಜೋಳದ ರೊಟ್ಟಿ ಯಾರಿಗೆ ಬೇಕು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಕೊನೆಗೆ ತೊಟ್ಟಿಲು ಬಂತು. ನಮಗಾಗ ಐದು ತಿಂಗಳ ಮಗಳಿದ್ದಳು. ತೊಟ್ಟಿಲು ನನ್ನ ತವರು ಅಕ್ಕಲಕೋಟದ್ದು, ನಾನೂ ಅದರಲ್ಲೇ ಮಲಗಿ ಬೆಳೆದವಳು. ಸಾಗವಾನಿಯದು, ಎಮ್ಮೆಕರು ಮಲಗಿಸಬಹುದಾದಷ್ಟು ದೊಡ್ಡದು. ಅದನ್ನು ಗೋಡೆಯ ಬದಿಗೆ ಇಟ್ಟ ಕೂಡಲೇ ಟ್ರಂಕು ಗೆರೆಯ ಹೊರಗೆ ಹೋಯಿತು. ಚಾಪೆ ಹಾಸಿ ಇವರು ಮಲಗಿ ನೋಡಿದರು. ಪಾದಗಳು ಹೊರಗೆ.

"ಹಾಸಿಗಿ ಇದ್ದಷ್ಟು ಕಾಲ ಚಾಚಬೇಕು ಅಂತಾರ, ಖರೇ. ಅಲ್ಲಿ ಹಾಸಿಗಿ ಚಾಚಾಕನ ಜಾಗಾ ಇಲ್ಲಲ್ಲೋ ಮಾರಾಯಾ!" ಎಂದು ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು.

"ತೊಟ್ಟಿಲಾ ಇಲ್ಲೇ ಬಿಡೂಣವ್ವಾ. ಕೂಸಿಗಿ ಕೌದಿ ಹಾಸಿದ್ರಾತು."

"ನೀ ಬೇಕಾದ್ರ ಕೌದಿ ಮ್ಯಾಲ ಮಲಕೋ. ನನ್ನ ಮೊಮ್ಮಗಳು ಮಂದಿ ಕಾಲಾಗ ಮಲಗಾಕಿಲ್ಲ."

ಅಷ್ಟಕ್ಕೇ ಮುಗಿಯಿತು. ಜಾಗ ಸಾಲುವುದಿಲ್ಲ ಎಂದು ಇವರು ಮಾಲಕರಿಗೆ ಹೇಳಿಬಿಟ್ಟರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಹೋಗೋಣ ಎನ್ನುತ್ತಿದ್ದೆ. ಇಪ್ಪತ್ತು ವರ್ಷದ ಹುಡುಗಿಗೆ ಸಮುದ್ರ ನೋಡುವ ಆಸೆ ಇರುವುದಿಲ್ಲವೇ? ಆ ಸುತಳಿಯನ್ನು ಅತ್ತೆ ತೊಟ್ಟಿಲಿಗೆ ಕಟ್ಟಿದರು. ಅಂಗಳದ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಲ್ಲಿಂದಲೇ ಅದನ್ನು ಜಗ್ಗಿ ಒಳಗಿನ ತೊಟ್ಟಿಲು ತೂಗುತ್ತಿದ್ದರು. ಮುಂಬೈಯ ಮನೆ ಕೊನೆಗೂ ಒಂದು ಕೆಲಸಕ್ಕೆ ಬಂತು ಎಂದು ನಾವು ನಗುತ್ತಿದ್ದೆವು.

ಮಗಳಿಗೆ ಹನ್ನೊಂದನೆಯ ತಿಂಗಳು ನಡೆದಾಗ ಜ್ವರ ಬಂತು. ಮೂರು ದಿನ ಇತ್ತು. ನಾಲ್ಕನೆಯ ದಿನ ಮಧ್ಯಾಹ್ನ ಗಿರಣಿಯ ಭೋಂಗಾ ಕೂಗುವ ಹೊತ್ತಿಗೆ ಮಗಳೂ ಇರಲಿಲ್ಲ, ಜ್ವರವೂ ಇರಲಿಲ್ಲ. ಇವರೂ ವಾಡೆಯ ಇಬ್ಬರು ಗಂಡಸರೂ ಒಯ್ದು ಮಣ್ಣು ಮಾಡಿ ಬಂದರು.

ನಾನು ಅಳಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಅಲ್ಲ. ಬರಲಿಲ್ಲ, ಅಷ್ಟೇ. ಹಾಲು ಇಂಗಲಿ ಎಂದು ಅತ್ತೆ ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿದರು. ಆ ನೋವು ಪಕ್ಕದ ಮನೆಯ ಯಾರದೋ ನೋವಿನ ಹಾಗಿತ್ತು. ಹಂಚಿನ ಮೇಲೆ ರೊಟ್ಟಿ ಕರಕಾದರೂ ಯಾರಾದರೂ ಕೂಗಿ ಹೇಳಬೇಕಿತ್ತು. ಅತ್ತೆ ತೊಟ್ಟಿಲನ್ನು ಅಟ್ಟಕ್ಕೆ ಏರಿಸಿಬಿಟ್ಟರು. ಸುತಳಿ ಮಾತ್ರ ಬಾಗಿಲ ಹಿಂದಿನ ಮೊಳೆಗೆ ತೂಗಿಕೊಂಡು ಉಳಿಯಿತು.

ಒಂದು ತಿಂಗಳು ಅಕ್ಕಲಕೋಟಕ್ಕೆ ಹೋಗಿ ಇದ್ದೆ. ಅಲ್ಲಿಯ ಸ್ವಾಮಿಗಳ ಸಮಾಧಿಯ ದರ್ಶನಕ್ಕೆಂದು ಬಂದ ಯಾತ್ರಿಕರು ನಮ್ಮ ಓಣಿಯಲ್ಲೇ ಹಾದು ಹೋಗುತ್ತಿದ್ದರು. ಅವ್ವ ನನ್ನನ್ನು ಕಟ್ಟೆಯ ಮೇಲೆ ಕೂಡಿಸುತ್ತಿದ್ದಳು, ಮಂದಿಯನ್ನಾದರೂ ನೋಡಲಿ ಎಂದು. ನಾನು ನೋಡುತ್ತಿದ್ದೆ. ಬೆಳಗ್ಗೆ ಕೂಡಿಸಿದರೆ ಬೆಳಗ್ಗೆ, ಸಂಜೆ ಕೂಡಿಸಿದರೆ ಸಂಜೆ.

ಅಷ್ಟರಲ್ಲಿ ಇವರು ಬಂದು ಸುದ್ದಿ ಹೇಳಿದರು. ಇವರ ಬದಲು ಮುಂಬೈಗೆ ಹೋದ ಗುಮಾಸ್ತ ಕೆಲಸ ಬಿಟ್ಟು ಬಂದಿದ್ದಾನೆ, ಮಾಲಕರು ಈಗ ಅಲ್ಲಿಯೇ ಇದ್ದಾರೆ, ಅದೇ ಖೋಲಿ ಖಾಲಿ ಇದೆ ಎಂದು ಪತ್ರ ಬರೆದಿದ್ದಾರೆ.

"ಹೋಗ್ರೆವಾ," ಎಂದಳು ಅವ್ವ. "ಊರ ಬದಲಾದ್ರ ಮನಸ್ಸೂ ಬದಲಾಗ್ತದ. ಆ ಮನ್ಯಾಗ ಎತ್ತ ನೋಡಿದ್ರೂ ಅದಽ ಕಾಣ್ತದ ನಿನಗ."

ನನಗೆ ಏನೂ ಕಾಣುತ್ತಿರಲಿಲ್ಲ. ಅದನ್ನು ಅವಳಿಗೆ ಹೇಗೆ ಹೇಳಲಿ?

ಟಾಂಗಾದಲ್ಲಿ ಸ್ಟೇಶನ್ನಿಗೆ ಬರುವಾಗ ಇವರು ಮದುವೆಯಾದ ಮೇಲೆ ಮೊದಲ ಸಲ ನನ್ನನ್ನು ಕೇಳಿದರು. "ನೀನಽ ಹೇಳು. ಹೋಗೂಣೋ ಬ್ಯಾಡೋ? ನೀ ಹ್ಯಾಂಗಂತಿ ಹಂಗ."

"ನಿಮ್ಮ ಮನಸ್ಸರೀ."

"ನನ್ನ ಮನಸ್ಸ ನನಗ ಗೊತ್ತದ. ನಿಂದ ಹೇಳು."

ಕೇಳಬೇಕಾದಾಗ ಕೇಳಲಿಲ್ಲ, ಈಗ ಕೇಳುತ್ತಾರೆ. ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ. ಸೊಲ್ಲಾಪುರವಾದರೂ ಆದೀತು, ಮುಂಬೈಯಾದರೂ ಆದೀತು. ಎಲ್ಲಿ ಕೂಡಿಸಿದರೆ ಅಲ್ಲಿ ಕೂರುತ್ತೇನೆ. ಆದರೆ ಸೊಲ್ಲಾಪುರಕ್ಕೆ ತಿರುಗಿ ಬಂದ ಮೇಲೆ, ಮುಂದಿನ ಐತವಾರ ಪತ್ರ ಬರೆಯಬೇಕು, ಏನಾದರೊಂದು ಹೇಳು ಎಂದು ಇವರು ದಿನಾಲೂ ಕೇಳತೊಡಗಿದರು.

ಐತವಾರ ಬೆಳಗ್ಗೆ ಮೊಳೆಯ ಮೇಲಿನ ಸುತಳಿ ತೆಗೆದೆ. ನನಗೆ ಗೊತ್ತಾಗದಿದ್ದರೆ ಸುತಳಿಯೇ ಹೇಳಲಿ ಎಂದುಕೊಂಡೆ. ಅಂಗಳದಲ್ಲಿ ಗಂಟಿನಿಂದ ಗಂಟಿಗೆ ಹಿಡಿದು ಗೆರೆ ಹಾಕಿದೆ. ಒಲೆ ತಂದಿಟ್ಟೆ. ಕೊಡ ಇಟ್ಟೆ. ಅತ್ತೆಯ ಚಾಪೆ ಹಾಸಿದೆ, ನಮ್ಮದನ್ನೂ ಹಾಸಿದೆ. ಟ್ರಂಕು ಹಿಡಿಯಲಿಲ್ಲ, ಹೊರಗಿಟ್ಟೆ. ನಮ್ಮ ಚಾಪೆಯ ತುದಿಯೂ ಗೆರೆ ದಾಟಿತು. ಅತ್ತೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

ಇವರು ಹೊರಗೆ ಬಂದರು. "ಟ್ರಂಕ ಯಾಕ ಹೊರಗಿಟ್ಟೀ? ಒಳಗ ತಗೋ," ಎಂದರು. "ಅಲ್ಲಿ ಜಾಗಾ ಅದಲ್ಲ."

ಎಲ್ಲಿ ಎಂದು ನೋಡಿದೆ. ಗೋಡೆಯ ಬದಿಗೆ, ಒಲೆಯಿಂದ ದೂರಕ್ಕೆ, ನಾನು ಜಾಗ ಬಿಟ್ಟಿದ್ದೆ. ತೊಟ್ಟಿಲಿನ ಉದ್ದ, ತೊಟ್ಟಿಲಿನ ಅಗಲ. ಬಿಡಬೇಕೆಂದು ಬಿಟ್ಟದ್ದಲ್ಲ. ಕೈ ತಾನೇ ಅದನ್ನು ಸುತ್ತುಹಾಕಿ ಉಳಿದದ್ದನ್ನೆಲ್ಲ ಇಟ್ಟಿತ್ತು.

ಅತ್ತೆ ಎದ್ದು ಒಳಗೆ ಹೋದರು. ಇವರಿಗೆ ಇನ್ನೂ ತಿಳಿದಿರಲಿಲ್ಲ. ತಾವೇ ಬಗ್ಗಿ ಟ್ರಂಕಿನ ಹಿಡಿಕೆ ಹಿಡಿದು ಒಳಗೆ ಎಳೆಯಹೋದರು.

"ಅಲ್ಲಿ ಇಡಬ್ಯಾಡ್ರಿ," ಎಂದೆ.

ನನ್ನ ದನಿ ಅಷ್ಟು ಗಟ್ಟಿ ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು. ಇವರು ಹಿಡಿಕೆ ಬಿಟ್ಟರು. ಒಮ್ಮೆ ಆ ಜಾಗ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಸುತಳಿ ಎತ್ತಿ ಅಂಗೈಗೆ ಸುತ್ತತೊಡಗಿದರು. ನಾನು ಕೊಡ ಎತ್ತಿಕೊಂಡು ಒಳಗೆ ಹೋದೆ.

ಸಂಜೆ ಇವರು ಪತ್ರ ಬರೆದು ಟಪಾಲಿಗೆ ಹಾಕಿ ಬಂದರು. ಊಟಕ್ಕೆ ಕೂತಾಗ ಕೇಳಿದೆ.

"ಏನಂತ ಬರದ್ರಿ?"

ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಹೇಳಿದರು.

"ಜಾಗಾ ಸಾಲೂದಿಲ್ಲಂತ ಬರದೀನಿ."