ಕರೆಂಟ್ ಇದ್ದೂ ನಿಂತ ಮಗ್ಗ

ಇವತ್ತ ಸಂಜಿಮುಂದ ನನ್ನ ಮಗಳು ಖೋಖೋ ಕಪ್ ಗೆದ್ದು ಬನಹಟ್ಟಿಗೆ ಬಂದ್ಳು. ನಾ ಓಡಿಹೋಗಿ ನಮ್ಮ ಮಗ್ಗ ಎಲ್ಲಾ ಬಂದ್ ಮಾಡಿದೆ. ಮನಿ ಗಪ್ಪಾತು. ಆ ಗಪ್ಪಿನಾಗ ನನ್ನ ಬಾಲ್ಯ ಎದ್ದು ಬಂತು.

ಆಗ ಟೀವಿಯೊಳಗ ಸಣ್ಣ ಊರಿನ ಹುಡುಗ್ಯಾರ ಖೋಖೋ ತಂಡದ ಧಾರಾವಾಹಿ ಬರತಿತ್ತು. ಓಣಿ ಮಂದಿಯೆಲ್ಲಾ ಅತ್ತಿ-ಸೊಸಿ ಜಗಳ ನೋಡವ್ರು. ಇದನ್ನ ನೋಡವ್ರು ನಾನು, ನಮ್ಮವ್ವ ಇಬ್ರ. ಬಾಜೂಕ ನಮ್ಮ ಪವರ್‌ಲೂಮ್ ಮಗ್ಗ ಬಡಕೊಳ್ಳತಿದ್ವು, ಟೀವಿ ಮಾತು ಒಂದೂ ಕೇಳತಿರಲಿಲ್ಲ. ಆದ್ರ ಅವ್ವ ಹುಟ್ಟಿದಾಗಿಂದ ಮಗ್ಗದ ಸಪ್ಪಳದಾಗ ಬೆಳದಾಕಿ. ತುಟಿ ನೋಡೇ ಮಾತು ತಿಳಕೊಂಡು, ನನ್ನ ಕಿವಿಯಾಗ ಒದರಿ ಹೇಳತಿದ್ಳು.

ಕಡೀ ಕಂತಿನ ದಿನ ಫೈನಲ್ ಮ್ಯಾಚು. ಕ್ಯಾಪ್ಟನ್ ಹುಡುಗಿ ನಮ್ಮ ಕಡೆ ಬೆನ್ನ ಮಾಡಿ ಗೆಳತ್ಯಾರಿಗೆ ಏನೋ ಹೇಳಾಕತ್ತಿದ್ಳು. ತುಟಿ ಕಾಣವಲ್ವು. ಅವ್ವ ಚಡಪಡಿಸಿದ್ಳು.

ದಿನಾ ನಮ್ಮನ್ನ ನೋಡಿ ನಗತಿದ್ದ ಅಪ್ಪ ಎದ್ದು ಹೋಗಿ ಮಗ್ಗ ಬಂದ್ ಮಾಡಿದ. "ಈಗರ ಕೇಳ್ರಿ" ಅಂದ.

"ಹೆದರಬ್ಯಾಡ್ರಿ, ಓಡ್ರಿ!" ಆ ಹುಡುಗಿ ದನಿ ನಾವು ಕೇಳಿದ್ದು ಅವತ್ತ ಮೊದಲು. ಓಡಿದ್ರು, ಗೆದ್ರು. ಅವ್ವ ನನ್ನ ಎತ್ತಿಕೊಂಡು ಕುಣದ್ಳು.

ಅಷ್ಟರಾಗ ಎದುರುಮನಿ ಶಾಂತಕ್ಕ ಗಾಬರಿಯಾಗಿ ಓಡಿಬಂದ್ಳು. ಕರೆಂಟ್ ಇದ್ದೂ ಮಗ್ಗ ನಿಂತ್ರ ಆ ಮನ್ಯಾಗ ಯಾರೋ ತೀರಿಕೊಂಡಾರಂತ ನಮ್ಮ ಓಣ್ಯಾಗ ಲೆಕ್ಕ.

"ಯಾರ ಹೋದ್ರ ಬೇ ಯಕ್ಕಾ?"

"ಯಾರೂ ಹೋಗಿಲ್ಲ! ನಮ್ಮ ಹುಡುಗ್ಯಾರು ಗೆದ್ರು!"

ಇವತ್ತೂ ಮಗ್ಗ ನಿಂತದ್ದ ಕೇಳಿ ಶಾಂತಕ್ಕ ಬಂದ್ಳು. ಈಗ ತಲಿ ಪೂರಾ ಬೆಳ್ಳಗಾಗೇತಿ. ಹೊಸ್ತಿಲ ಹಿಡದು, ನಕ್ಕೋತ ಕೇಳಿದ್ಳು: "ಯಾರ ಗೆದ್ರ ಬೇ?"