ಹಡಗಿನವನಿಗೆ ಪಂದ್ಯ ಹೇಳುವವರು

ನನ್ನ ಗಂಡ ತೀರಿಕೊಂಡ ಮೇಲೆ ಅವರ ಫೋನನ್ನು ಆಫ್ ಮಾಡಲು ಮನಸ್ಸು ಬರಲಿಲ್ಲ. ದಿನಾ ಚಾರ್ಜಿಗೆ ಹಾಕುತ್ತೇನೆ. ವಿಷಯ ತಿಳಿದ ಎಲ್ಲರೂ ಅದಕ್ಕೆ ಕರೆ ಮಾಡುವುದನ್ನು ನಿಲ್ಲಿಸಿದ್ದಾರೆ. ಒಬ್ಬ ಮಾತ್ರ ನಿಲ್ಲಿಸಿರಲಿಲ್ಲ. ಅವನು ಸಿರಿಯಾದವನು. ಸರಕು ಹಡಗಿನ ಇಂಜಿನ್ ಕೋಣೆಯಲ್ಲಿ ಅವನ ಕೆಲಸ. ಅವನ ವಾಯ್ಸ್ ಮೆಸೇಜು ಬಂದ ಸದ್ದು ಕೇಳಿದರೆ ನಾನು ಫೋನನ್ನು ಕವುಚಿ ಇಡುತ್ತಿದ್ದೆ. ಇವರು ಹೋದದ್ದು ಅವನಿಗೆ ಗೊತ್ತಿರಲಿಲ್ಲ.

ಇವರು ಪಣಂಬೂರಿನಲ್ಲಿ ಬಂದರಿನ ಗೇಟಿನ ಹೊರಗೆ ಟ್ಯಾಕ್ಸಿ ಇಟ್ಟಿದ್ದರು. ಮೊದಲು ಕೆಲವು ವರ್ಷ ಸೌದಿಯಲ್ಲಿ ಡ್ರೈವರ್ ಆಗಿದ್ದರಿಂದ ಅರಬ್ಬಿ ಬರುತ್ತಿತ್ತು. ಹಡಗಿನವರನ್ನು ಪೇಟೆಗೆ ಕರೆದುಕೊಂಡು ಹೋಗಿ ಸೋಪು, ಬಿಸ್ಕಿಟು, ಚಪ್ಪಲಿ ತೆಗೆಸಿಕೊಟ್ಟು ವಾಪಸು ಬಿಡುತ್ತಿದ್ದರು. ಈ ಸಿರಿಯಾದವನು ಮಾತ್ರ ಪೇಟೆಯೇ ಬೇಡ ಅಂದನಂತೆ. ಕಾರಿನಲ್ಲಿ ಕೂತು ಇವರ ಫೋನಿನಲ್ಲಿ ತನ್ನ ಊರಿನ ಕ್ಲಬ್ಬಿನ ಪಂದ್ಯ ನೋಡಬೇಕಂತೆ. ಇಬ್ಬರೂ ಮರದಡಿ ಕಾರು ನಿಲ್ಲಿಸಿ ಪೂರ್ತಿ ಆಟ ನೋಡಿದರು. ಅದುವರೆಗೆ ಇವರಿಗೆ ಫುಟ್‌ಬಾಲಿನ ಹುಚ್ಚೇನೂ ಇರಲಿಲ್ಲ. ಅವತ್ತು ಉಣ್ಣುವಾಗ, "ಸೋತರು ಮಾರಾಯ್ತಿ. ಆದರೂ ಎಂತ ಆಟ!" ಅಂದರು.

ಹಡಗು ಹೊರಟ ಮೇಲೆ ನಡು ಸಮುದ್ರದಲ್ಲಿ ಅವನಿಗೆ ನೆಟ್‌ವರ್ಕ್ ಇಲ್ಲ. ಅದಕ್ಕೆ ಇಬ್ಬರೂ ಸೇರಿ ಒಂದು ದಾರಿ ಮಾಡಿಕೊಂಡರು. ಇವರು ಇಲ್ಲಿ ಪಂದ್ಯ ನೋಡುವುದು, ನೋಡಿದ್ದನ್ನು ತುಂಡು ತುಂಡಾಗಿ ಅರಬ್ಬಿಯಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸುವುದು. ಹಡಗು ಯಾವುದಾದರೂ ದಡದ ಹತ್ತಿರ ಬಂದಾಗ ಎಲ್ಲ ಒಟ್ಟಿಗೆ ಅವನ ಫೋನಿಗೆ ಬೀಳುತ್ತದೆ. ಯಾರು ಗೆದ್ದರು ಎಂದು ಮೊದಲೇ ಹೇಳಬಾರದು, ಶುರುವಿನಿಂದ ಹೇಳಬೇಕು. ಅದು ಅವನ ಷರತ್ತು. ಹೀಗೆ ಅವನು ತನ್ನ ಊರಿನ ಆಟವನ್ನು ಮಂಗಳೂರಿನ ಬ್ಯಾರಿಯೊಬ್ಬರ ಬಾಯಿಂದ ಕೇಳುತ್ತಿದ್ದ.

ಮಾಮಿ, ಅಂದರೆ ಇವರ ತಾಯಿ, ನಗುತ್ತಿದ್ದರು. "ನಿನಗೆ ಉಳ್ಳಾಲದಲ್ಲಿ ಆಡುವವರು ಸಿಗಲಿಲ್ಲವಾ? ಸಿರಿಯಾದವರೇ ಆಗಬೇಕಾ?"

"ಉಳ್ಳಾಲದವರ ಆಟ ನೋಡಲಿಕ್ಕೆ ಉಳ್ಳಾಲದವರು ಇದ್ದಾರೆ ಉಮ್ಮ. ಇದನ್ನು ನೋಡಲಿಕ್ಕೆ ಪಾಪ, ಅವನಿಗೆ ಆಗುವುದಿಲ್ಲ."

ಕ್ಲಬ್ಬಿನ ಕತೆಯೆಲ್ಲ ನನಗೆ ಊಟದ ಹೊತ್ತಿನಲ್ಲಿ ಬಂದದ್ದು. ಅವನದೂ ಬಂದರಿನ ಊರೇ. ಅಲ್ಲಿ ಫ್ರೆಂಚರು ಆಳುತ್ತಿದ್ದ ಕಾಲದಲ್ಲಿ ಮೂಟೆ ಹೊರುವವರೂ ಒಬ್ಬ ಶಾಲೆ ಮೇಷ್ಟ್ರೂ ಸೇರಿ ಕ್ಲಬ್ಬು ಕಟ್ಟಿದರಂತೆ. ಆಮೇಲೆ ಸರಕಾರದವರು ಅದರ ಹೆಸರು ಬದಲಿಸಿದರು. ಮುದುಕರು ಈಗಲೂ ಹಳೆಯ ಹೆಸರನ್ನೇ ಕೂಗುತ್ತಾರೆ. ಮೈದಾನ ಕಡಲಿಗೆ ಎಷ್ಟು ಹತ್ತಿರವೆಂದರೆ ಚಳಿಗಾಲದಲ್ಲಿ ಗೋಲ್‌ಕೀಪರ್ ಒದ್ದ ಚೆಂಡು ಗಾಳಿಗೆ ವಾಪಸು ಗೋಲಿನ ಕಡೆಗೇ ತಿರುಗುತ್ತದಂತೆ. ಲೀಗ್ ಗೆದ್ದದ್ದು ಆ ಸಿರಿಯಾದವನ ತಂದೆಯ ಕಾಲದಲ್ಲಿ. ಆಮೇಲೆ ಯುದ್ಧ ಬಂತು. ಅರ್ಧ ಆಟಗಾರರು ದೇಶ ಬಿಟ್ಟರು. ಮನೆ ಕಳೆದುಕೊಂಡವರು ಗ್ಯಾಲರಿಯ ಕೆಳಗೆ ಸಂಸಾರ ಹೂಡಿದರು. ಗೋಲಿನ ಕಂಬಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದರು. ಕ್ಲಬ್ಬು ಬೇರೆ ಊರುಗಳಿಗೆ ಹೋಗಿ ಆಡಿತು. ಭೂಕಂಪವಾದಾಗ ಅವನ ಹೆಂಡತಿ ಮಕ್ಕಳು ಆ ಮೈದಾನದ ಹುಲ್ಲಿನಲ್ಲೇ ಮಲಗಿದ್ದರಂತೆ. ಅದನ್ನು ಹೇಳುವಾಗ ಇವರು ತುತ್ತು ಕೈಯಲ್ಲೇ ಇಟ್ಟುಕೊಂಡು ಕೂತದ್ದು ನೆನಪುಂಟು.

ಅತ್ತಾವರದ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಇವರು ಪಂದ್ಯ ಹೇಳಿದರು. ಸಿಸ್ಟರ್ ಬೈದದ್ದಕ್ಕೆ ಹೊದಿಕೆಯೊಳಗೆ ತಲೆ ಹಾಕಿ ಪಿಸುಗುಟ್ಟಿದರು. ಅವನು ಸ್ವರಕ್ಕೆ ಎಂತ ಆಯಿತು ಎಂದು ಕೇಳಿದ. "ಶೀತ" ಅಂದರು. ಹಾಗಾಗಿ ಅವನ ಲೆಕ್ಕದಲ್ಲಿ ಇವರಿಗೆ ಶೀತವಾಗಿತ್ತು, ಅಷ್ಟೇ.

ನಾನು ಇದ್ದತ್ ಕೂತಿದ್ದೇನೆ. ಗಂಡ ಹೋದ ಮೇಲೆ ನಮ್ಮಲ್ಲಿ ಹೆಂಗಸು ಕೆಲವು ತಿಂಗಳು ಮನೆಯೊಳಗೇ ಇರಬೇಕು, ಹೊರಗಿನ ಗಂಡಸರೊಂದಿಗೆ ಮಾತು ಬೇಡ. ಗೊತ್ತಿಲ್ಲದ ದೇಶದವನ ಹತ್ತಿರ ನಾನು ಹೇಗೆ ಮಾತಾಡಲಿ? ಅರಬ್ಬಿ ಓದಲಿಕ್ಕೆ ಬರುತ್ತದೆ, ಅರ್ಥವಾಗುವುದಿಲ್ಲ. ಅವನ ಮೆಸೇಜು ಬರುತ್ತಲೇ ಇತ್ತು, ಪಂದ್ಯ ಹೇಳು ಎಂದೇ ಇರಬೇಕು. ಏನೂ ತೋಚದೆ ನಾನೇ ಪಂದ್ಯ ನೋಡಿದೆ, ಮುಗಿದ ಮೇಲೆ ಸ್ಕೋರನ್ನು ಅಂಕೆಯಲ್ಲಿ ಬರೆದು ಕಳಿಸಿದೆ. ಷರತ್ತು ಮುರಿದದ್ದಕ್ಕೆ ಅವನು ಮೊದಲು ನಕ್ಕ. ಮುಂದಿನ ವಾರವೂ ಹಾಗೇ ಮಾಡಿದಾಗ ನಗಲಿಲ್ಲ.

ನಾಲ್ಕೈದು ದಿನದ ಹಿಂದೆ ಅವನು ಬರೆದು ಕಳಿಸಿದ. ಫೋನಿನಲ್ಲಿ ಅನುವಾದ ಮಾಡಿಸಿದೆ. ಸೊಟ್ಟ ಕನ್ನಡ ಬಂತು, ಆದರೂ ತಿಳಿಯಿತು. "ನನ್ನ ಮೇಲೆ ಕೋಪವಾ? ಮುಂದಿನ ವಾರ ಹಡಗು ಪಣಂಬೂರಿಗೆ ಬರುತ್ತದೆ. ಗೇಟಿನ ಹತ್ತಿರ ಕಾರು ತಾ. ಕಡೆಯ ಪಂದ್ಯ ಒಟ್ಟಿಗೆ ನೋಡುವ. ಸೋತರೆ ನಮ್ಮ ಕ್ಲಬ್ಬು ಕೆಳಗಿನ ಲೀಗಿಗೆ ಬೀಳುತ್ತದೆ, ನನಗೆ ಒಬ್ಬನೇ ನೋಡಲಿಕ್ಕೆ ಆಗುವುದಿಲ್ಲ."

ಆಮೇಲೆ ಕೂತರೂ ನಿಂತರೂ ನನಗೆ ಅದೇ ಯೋಚನೆ. ಅವನು ಗೇಟಿನಿಂದ ಹೊರಗೆ ಬಂದು ಟ್ಯಾಕ್ಸಿಗಳ ಸಾಲು ನೋಡುತ್ತಾನೆ. ಬಿಸಿಲಿನಲ್ಲಿ ನಿಲ್ಲುತ್ತಾನೆ. ಯಾರೋ ಡ್ರೈವರ್ ಬೀಡಿ ಸೇದುತ್ತ, "ಅವನಾ? ಅವನು ಸತ್ತ" ಅಂತ ಕೈಸನ್ನೆ ಮಾಡಿ ತೋರಿಸುತ್ತಾನೆ. ಅದು ಕಣ್ಣಿಗೆ ಕಟ್ಟಿದ ಹಾಗೆ ಬರುತ್ತಿತ್ತು. ಬರೆದು ಹೇಳೋಣವೆಂದರೆ, ಆ ಅನುವಾದ ನಮ್ಮ ಮಾತನ್ನು ಅಲ್ಲಿ ಎಂತ ಮಾಡುತ್ತದೋ. ಆ ಒಂದು ಸುದ್ದಿಯನ್ನು ಅದರ ಕೈಗೆ ಕೊಡಲಿಕ್ಕೆ ಧೈರ್ಯ ಬರಲಿಲ್ಲ.

ಮಾಮಿ ನನ್ನನ್ನು ಎರಡು ದಿನ ನೋಡಿದರು. ಸೊಸೆಯಾದರೂ ಅವರಿಗೆ ನಾನು ಮೋಳೆ, ಮಗಳು. "ಎಂತ ಮೋಳೆ, ಫೋನು ಹಿಡಿದು ಬೆಕ್ಕಿನ ಹಾಗೆ ತಿರುಗುತ್ತೀ?"

ಹೇಳಿದೆ. ಅವರು ಕತ್ತರಿಸುತ್ತಿದ್ದ ಅಡಿಕೆಯನ್ನು ಬದಿಗಿಟ್ಟು ಕೈ ಚಾಚಿದರು.

"ನೀನು ಮಾತಾಡಬೇಡ. ಕೊಡು ಇಲ್ಲಿ. ನನಗೆ ಎಂತ ಇದ್ದತ್ತು?"

"ಮಾಮಿ, ಅವನಿಗೆ ನಮ್ಮ ಬ್ಯಾರಿ ಭಾಷೆ ಗೊತ್ತಿಲ್ಲ."

"ನನಗೆ ಅರಬ್ಬಿ ಗೊತ್ತಿಲ್ಲ. ಸರಿ ಆಯಿತಲ್ಲ. ಎಲ್ಲಿ ಒತ್ತಬೇಕು?"

ತೋರಿಸಿದೆ. ಫೋನನ್ನು ತೀರಾ ಬಾಯಿಯ ಹತ್ತಿರ ಹಿಡಿದುಕೊಂಡರು. ಮೊದಲು ಮಗನ ಹೆಸರು ಹೇಳಿದರು. ಆಮೇಲೆ, "ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್." ಸಾವಿನ ಸುದ್ದಿಗೆ ಯಾವ ದೇಶದ ಮುಸಲ್ಮಾನನೂ ಹೇಳುವ ಮಾತು. ಅಲ್ಲಿಗೆ ನಿಲ್ಲಿಸುತ್ತಾರೆ ಅಂದುಕೊಂಡೆ. ನಿಲ್ಲಿಸಲಿಲ್ಲ. ನಮ್ಮ ಭಾಷೆಯಲ್ಲೇ ಮುಂದುವರಿಸಿದರು: "ನೀನು ಗೇಟಿನ ಹತ್ತಿರ ಕಾಯಬೇಡ ಮಗನೇ. ಬಿಸಿಲುಂಟು. ಅವನು ಕಡೆಯವರೆಗೆ ನಿನ್ನ ಆಟ ನೋಡಿದ. ಆಸ್ಪತ್ರೆಯಲ್ಲಿ ಬೈಸಿಕೊಂಡು ನೋಡಿದ." ಮಗ ಹೋದ ದಿನ ಬಂದವರ ಮುಂದೆಯೂ ಅವರು ಇಷ್ಟು ಮಾತಾಡಿರಲಿಲ್ಲ.

ಕಳಿಸಿದೆವು. ಎರಡು ದಿನ ಮೆಸೇಜಿನ ಪಕ್ಕ ಒಂದೇ ಗೀಟು ಇತ್ತು, ತಲುಪಿರಲಿಲ್ಲ. ಮೀನು ತೊಳೆಯುವಾಗಲೂ ಕೈ ಒರೆಸಿಕೊಂಡು ಬಂದು ನೋಡುತ್ತಿದ್ದೆ. ಇವತ್ತು ಸಂಜೆ ಅಸರ್ ನಮಾಜಿನ ಹೊತ್ತಿಗೆ ಎರಡು ಗೀಟು ಬಂತು, ನೀಲಿಯಾಯಿತು. ಅವನು ರೆಕಾರ್ಡ್ ಮಾಡುತ್ತಿದ್ದಾನೆ ಎಂದು ತೋರಿಸಿತು, ನಿಂತಿತು, ಪುನಃ ತೋರಿಸಿತು.

ಬಂದದ್ದರಲ್ಲಿ ಹೆಚ್ಚು ಇಂಜಿನಿನ ಸದ್ದು. ಮಾಮಿ ಹೇಳಿದ ಮಾತನ್ನೇ ಅವನೂ ಹೇಳಿದ, ಆಮೇಲೆ "ಉಮ್ಮಿ, ಉಮ್ಮಿ" ಎಂದು ತಾಯಿಯನ್ನು ಕರೆದ ಹಾಗೆ ಅತ್ತ. ಉಳಿದದ್ದು ನಮಗೆ ಅರ್ಥವಾಗಲಿಲ್ಲ.

"ಆಟದ ವಿಷಯ ಕೇಳಿದನಾ?" ಮಾಮಿ ಕೇಳಿದರು.

"ಗೊತ್ತಾಗುವುದಿಲ್ಲ ಮಾಮಿ."

"ಹಡಗು ಬರಲಿ. ಗೇಟಿಗೆ ನಮ್ಮ ರಿಕ್ಷಾದವನನ್ನು ಕಳಿಸುವ. ಹಡಗಿನವನು ಈ ಜಗಲಿಯಲ್ಲಿ ಕೂತು ಆಟ ನೋಡಲಿ. ಒಬ್ಬನೇ ನೋಡಬಾರದು."

ಅವನು ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಬಂದರೆ ನಾನು ಒಳಗಿನ ಕೋಣೆಯಲ್ಲಿ ಇರಬೇಕು. ಯಾರು ಗೆದ್ದರೆಂದು ಅವನ ಸ್ವರದಿಂದಲೇ ತಿಳಿದುಕೊಳ್ಳಬೇಕು.